ಪಿಟ್‌ಕೇರ್ನ್ ದ್ವೀಪದ ಪಕ್ಕ ಹಡಗು ನಿಂತ ದಿನ: ಹೊಳೆಬಾಗಿಲಿನ ಲಾಂಚ್ ಕಾದವರು ಓದಿ

ಕರೂರು ಸೀಮೆಯವ

ಎಲ್ಲರಿಗೂ ನಮಸ್ಕಾರ. ನಾನು ತುಮರಿ ಕಡೆಯವನು. ಸುತ್ತ ಅಣೆಕಟ್ಟಿನ ಹಿನ್ನೀರು; ಸೇತುವೆ ಆಗುವವರೆಗೆ ಸಾಗರದ ಕಡೆ ಹೋಗೋಕೆ ಹೊಳೆಬಾಗಿಲಿನ ಕಡವಿನಲ್ಲಿ ಲಾಂಚ್, ಅಂದರೆ ಜನ, ಬಸ್ಸು ದಾಟಿಸುವ ದೊಡ್ಡ ದೋಣಿ, ಕಾಯಬೇಕಿತ್ತು. ಎಂಟು ವರ್ಷದಿಂದ ಪ್ರವಾಸಿ ಹಡಗುಗಳ ಅಡುಗೆಮನೆಯಲ್ಲಿ ಕೆಲಸ ಮಾಡ್ತಿದ್ದೇನೆ. ರಜೆಗೆ ಊರಿಗೆ ಬಂದು ಹತ್ತು ದಿನ ಆಯ್ತು. ಈ ಸಲ ಸಮುದ್ರದ ಮೇಲೆ ಕಳೆದ ಒಂದು ದಿನದ ಕತೆಯನ್ನು ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ಮನೆಯಲ್ಲಿ ಹೇಳಿದೆ. ಎಲ್ಲ ಕೇಳಿದ ಮೇಲೆ ಅಮ್ಮ ಒಂದೇ ಪ್ರಶ್ನೆ ಹಾಕಿದಳು. "ಅಲ್ಲಿಯವರಿಗೆ ಕಡೇ ಲಾಂಚ್ ಎಷ್ಟು ಹೊತ್ತಿಗೆ?"

ಆ ಪ್ರಶ್ನೆ ಕೇಳಿದ ಮೇಲೆ ಇದನ್ನು ಇಲ್ಲಿ ಬರೆಯಲೇಬೇಕು ಅನ್ನಿಸಿತು.

ನಾವು ಈಸ್ಟರ್ ದ್ವೀಪದಿಂದ ತಹೀತಿ ಕಡೆಗೆ ಹೋಗ್ತಿದ್ದೆವು. ದಕ್ಷಿಣ ಪೆಸಿಫಿಕ್. ಮೂರು ದಿನ ನೀರು ಬಿಟ್ಟರೆ ಬೇರೇನೂ ಕಾಣಲಿಲ್ಲ. ಇನ್ನೊಂದು ಹಡಗಿನ ದೀಪವೂ ಇಲ್ಲ. ಆ ದಾರಿಯ ನಡುವೆ ಸಿಗುವುದು ಪಿಟ್‌ಕೇರ್ನ್. ಐದು ಚದರ ಕಿಲೋಮೀಟರೂ ಇಲ್ಲದ ಒಂದು ಗುಡ್ಡ. ಅದರ ನೆತ್ತಿ 347 ಮೀಟರ್ ಎತ್ತರ. ಅಲ್ಲಿರುವ ಜನ ಸುಮಾರು ಐವತ್ತು. ನಮ್ಮಲ್ಲಿ ಒಂದು ಕೇರಿಯ ಜನ ಅನ್ನಿ. ಅದೊಂದೇ ಊರು, ಹೆಸರು ಆಡಮ್ಸ್‌ಟೌನ್. ವಿಮಾನ ನಿಲ್ದಾಣ ಇಲ್ಲ. ದೊಡ್ಡ ಹಡಗು ನಿಲ್ಲುವ ಬಂದರೂ ಇಲ್ಲ. ಇವತ್ತಿಗೂ ಅದು ಬ್ರಿಟನ್ನಿನ ಆಡಳಿತಕ್ಕೆ ಸೇರಿದ ಜಾಗ.

ನನ್ನ ಪಾಳಿ ಬೆಳಗಿನ ನಾಲ್ಕೂವರೆಗೆ. ಹಣ್ಣು ಕತ್ತರಿಸುವ ವಿಭಾಗ. ಅನಾನಸ್, ಕಲ್ಲಂಗಡಿ, ಪಪ್ಪಾಯಿ, ಇದೇ ಮೂರು ಗಂಟೆ. ನಮ್ಮ ಅಡುಗೆಮನೆಗೆ ಕಿಟಕಿ ಇಲ್ಲ. ಹೊರಗೆ ಬೆಳಕಾಯ್ತಾ, ಮಳೆ ಬರ್ತಿದೆಯಾ, ಒಳಗಿದ್ದವರಿಗೆ ಗೊತ್ತಾಗಲ್ಲ. ಹಡಗಿನ ವೇಗ ಇಳಿದದ್ದು ಮಾತ್ರ ಕಾಲಿಗೆ ಗೊತ್ತಾಗುತ್ತೆ. ನೆಲದ ನಡುಕ ಸಣ್ಣದಾಗುತ್ತೆ, ಗೋಡೆಗೆ ತೂಗುಹಾಕಿದ ಸೌಟುಗಳ ಸದ್ದು ನಿಲ್ಲುತ್ತೆ. ಅವತ್ತು ಏಳೂವರೆ ಹೊತ್ತಿಗೆ ಸೌಟುಗಳು ಸುಮ್ಮನಾದವು. ಪಕ್ಕದಲ್ಲಿದ್ದ ಗೋವಾದ ಹಿರಿಯರು "ದ್ವೀಪ ಬಂತು" ಅಂದರು.

ಉಗ್ರಾಣದ ಮೇಲ್ವಿಚಾರಕರು ನಾಲ್ಕು ಜನರನ್ನು ಕರೆದರು. ದ್ವೀಪದವರಿಗೆ ಕೊಡುವ ಸಾಮಾನು ಬಾಗಿಲಿನ ಹತ್ತಿರ ಇಡಬೇಕಿತ್ತು. ಮೈದಾ ಮೂಟೆ, ಬೆಣ್ಣೆ ಪೆಟ್ಟಿಗೆ, ಅಡುಗೆ ಎಣ್ಣೆ, ಐಸ್‌ಕ್ರೀಮಿನ ದೊಡ್ಡ ಡಬ್ಬಿಗಳು. ಅದಕ್ಕಾಗಿಯೇ ನನಗೆ ಹೊರಗಿನ ಬೆಳಕು ಸಿಕ್ಕಿತು. ಹಡಗಿನ ಹೊಟ್ಟೆಯ ಪಕ್ಕದಲ್ಲಿ ನೀರಿನ ಮಟ್ಟಕ್ಕೆ ಹತ್ತಿರವಾಗಿ ಒಂದು ಬಾಗಿಲು ಇರುತ್ತೆ. ಅದನ್ನು ತೆಗೆದರು. ಉಪ್ಪು ಗಾಳಿ ಮುಖಕ್ಕೆ ಹೊಡೆಯಿತು. ಎದುರಿಗೆ ಹಸಿರು ಗುಡ್ಡ, ಅದರ ಬುಡಕ್ಕೆ ಕಪ್ಪು ಬಂಡೆ, ಬಂಡೆಗೆ ಬಡಿದು ಮೇಲೇಳುವ ಬಿಳಿ ನೊರೆ.

ಆ ನೊರೆ ನಡುವಿನಿಂದ ಒಂದು ದೋಣಿ ಹೊರಬಂತು.

ಉದ್ದನೆಯ ದೋಣಿ, ಮೇಲೆ ಚಾವಣಿ ಇಲ್ಲ. ಹಿಂದೆಲ್ಲ ಹುಟ್ಟು ಹಾಕಿ ಬರ್ತಿದ್ದರಂತೆ, ಈಗ ಎಂಜಿನ್ ಇದೆ. ದೋಣಿ ತುಂಬ ಜನ, ಪೆಟ್ಟಿಗೆಗಳು, ಟಾರ್ಪಾಲು. ಒಂದು ಅಲೆಗೆ ದೋಣಿ ನಮ್ಮ ಬಾಗಿಲಿನ ಮಟ್ಟಕ್ಕೆ ಏಳ್ತಿತ್ತು, ಮರುಕ್ಷಣ ಆಳು ಎತ್ತರ ಕೆಳಗೆ. ಹಗ್ಗದ ಏಣಿ ಇಳಿಬಿಟ್ಟರು. ಹತ್ತುವವರು ಸುಮ್ಮನೆ ಕಾದು ನಿಂತರು. ದೋಣಿ ಅಲೆಯ ತುದಿಗೆ ಬಂದಾಗ ಮಾತ್ರ ಏಣಿಗೆ ಕೈ ಹಾಕಿದರು. ಒಬ್ಬರೂ ಅವಸರ ಮಾಡಲಿಲ್ಲ. ಎಪ್ಪತ್ತರ ಆಸುಪಾಸಿನ ಒಬ್ಬ ಅಜ್ಜಿ ಬಂದರು. ಅವರು ಏಣಿ ಹತ್ತಿದ ರೀತಿ ನೋಡಬೇಕಿತ್ತು. ಕಣ್ಣು ಏಣಿಯ ಮೇಲೆ ಇಲ್ಲ, ಅಲೆಯ ಮೇಲೆ ಇತ್ತು.

ಅದನ್ನು ನೋಡಿದಾಗ ನನಗೆ ನಮ್ಮ ಕಡವಿನ ಹೆಂಗಸರು ಕಣ್ಣ ಮುಂದೆ ಬಂದರು. ಲಾಂಚಿನ ಹಲಗೆ ದಡಕ್ಕೆ ತಾಗುವ ಮೊದಲೇ, ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಚೀಲ, ಸೀರೆಯ ನೆರಿಗೆ ಎತ್ತಿ ಹಿಡಿದು ನಿಲ್ತಿದ್ದರಲ್ಲ. ಯಾವಾಗ ಕಾಲಿಡಬೇಕು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಮೇಲಿನ ಡೆಕ್ಕಿನಲ್ಲಿ ದ್ವೀಪದವರು ಮೇಜು ಹಾಕಿ ಸಂತೆ ಮಾಡಿದರು. ಮರದ ಕೆತ್ತನೆ, ಬುಟ್ಟಿ, ಜೇನುತುಪ್ಪ, ಅಂಚೆ ಚೀಟಿ, ಅಂಗಿ. ಪ್ರಯಾಣಿಕರ ಪಾಸ್‌ಪೋರ್ಟಿಗೆ ದ್ವೀಪದ ಮುದ್ರೆ ಒತ್ತಿಕೊಡುವ ಮೇಜೂ ಇತ್ತು. ಎರಡು ಸಾವಿರ ಪ್ರಯಾಣಿಕರು ಅಲ್ಲಿ ಮುಗಿಬಿದ್ದರು. ಈ ಒಂದು ಬೆಳಿಗ್ಗೆ ಮಾರಾಟ ಆಗುವುದು ಅವರಿಗೆ ಎಷ್ಟೋ ವಾರದ ಸಂಪಾದನೆ. ಸಮುದ್ರ ಜೋರಾಗಿದ್ದರೆ ದೋಣಿ ಇಳಿಸೋಕೇ ಆಗಲ್ಲ. ಆಗ ಹಡಗು ದ್ವೀಪಕ್ಕೆ ಒಂದು ಸುತ್ತು ಹಾಕಿ ಹೊರಟುಬಿಡುತ್ತೆ. ವಾರಗಟ್ಟಲೆ ಕೆತ್ತಿದ್ದು ಮನೆಯಲ್ಲೇ ಉಳಿಯುತ್ತೆ.

ಹತ್ತೂವರೆಗೆ ನನಗೆ ಇಪ್ಪತ್ತು ನಿಮಿಷ ಬಿಡುವು ಸಿಕ್ಕಿತು. ಏಪ್ರನ್ ಬಿಚ್ಚಿಟ್ಟು ಓಡಿದೆ. ಅದೇ ಅಜ್ಜಿಯ ಮೇಜಿನ ಮುಂದೆ ನಿಂತೆ. ಗಂಡ ಕೆತ್ತಿದ ಮೀನುಗಳು, ಮಗಳು ಹೆಣೆದ ಬುಟ್ಟಿಗಳು. ನನ್ನ ಎದೆಯ ಮೇಲಿನ ಹೆಸರಿನ ಪಟ್ಟಿ ನೋಡಿ ಇಂಡಿಯಾದಲ್ಲಿ ಎಲ್ಲಿ ಅಂತ ಕೇಳಿದರು. ಶಿವಮೊಗ್ಗ ಅಂದರೆ ಅವರಿಗೇನು ಗೊತ್ತು? ನಮ್ಮ ಊರಿನ ಸುತ್ತ ಅಣೆಕಟ್ಟಿನ ನೀರಿದೆ, ಹೊರಗೆ ಹೋಗೋಕೆ ಲಾಂಚ್ ಬೇಕಿತ್ತು, ಅದರಲ್ಲಿ ಬಸ್ಸನ್ನೂ ಹತ್ತಿಸ್ತಿದ್ದರು ಅಂದೆ. ಅವರು ಕೈಯಲ್ಲಿದ್ದ ನೋಟುಗಳನ್ನು ಎಣಿಸೋದು ನಿಲ್ಲಿಸಿ ನನ್ನನ್ನೇ ನೋಡಿದರು. "ದಿನಾ ಬರ್ತಿತ್ತಾ?" ಅಂದರು.

ದಿನಾ, ಎಷ್ಟೋ ಸಲ, ಅಂದೆ. ಅವರು ಮಾತಾಡದೆ ನನ್ನ ಕೈ ಹಿಡಿದು ಒಮ್ಮೆ ಒತ್ತಿದರು. ಒರಟು ಕೈ, ಹೆಬ್ಬೆರಳ ಪಕ್ಕ ಹಳೇ ಗಾಯದ ಗೆರೆ.

ನಾನು ಇಷ್ಟು ವರ್ಷ ನಮ್ಮದು ಕಷ್ಟದ ಬದುಕು ಅಂತಲೇ ಹೇಳಿಕೊಂಡು ಬಂದವನು. ಸಾಗರದ ಹಾಸ್ಟೆಲಿನಲ್ಲಿ ಹೇಳಿದೆ, ಹಡಗಿನಲ್ಲಿ ಹೇಳಿದೆ. ಅದು ಸುಳ್ಳಲ್ಲ. ಆದರೆ ದಿನಾ ಬರುವ ಲಾಂಚ್ ಒಂದು ಭಾಗ್ಯ ಅಂತ ಅವತ್ತಿನವರೆಗೆ ಅನ್ನಿಸಿರಲಿಲ್ಲ. ಅವರಿಗೆ ಸರಕು ತರುವ ಹಡಗು ಬರೋದು ವಾರಗಳ ಲೆಕ್ಕದಲ್ಲಿ. ಹತ್ತಿರದ ವಿಮಾನ ಸಿಗೋದು ಮಂಗರೇವಾ ದ್ವೀಪದಲ್ಲಿ, ಐನೂರು ಕಿಲೋಮೀಟರಿಗೂ ದೂರ. ಒಂದೂವರೆ ದಿನದ ಸಮುದ್ರ ದಾರಿ. ಹಲ್ಲುನೋವು ಬಂದರೂ, ಟ್ರ್ಯಾಕ್ಟರಿನ ಒಂದು ಬೋಲ್ಟು ಮುರಿದರೂ ಅದೇ ಲೆಕ್ಕ.

ಮಧ್ಯಾಹ್ನದ ಹೊತ್ತಿಗೆ ಅವರು ಇಳಿದರು. ಖಾಲಿ ಪೆಟ್ಟಿಗೆ ಜಾಸ್ತಿ ಇದ್ದವು, ಮನಸ್ಸಿಗೆ ಹಿತ ಆಯ್ತು. ಮೈದಾ ಮೂಟೆಗಳನ್ನು ಹಗ್ಗ ಕಟ್ಟಿ ಇಳಿಸಿದೆವು. ಐಸ್‌ಕ್ರೀಂ ಡಬ್ಬಿಯನ್ನು ಒಬ್ಬ ಹುಡುಗ ಟಾರ್ಪಾಲಿನ ಕೆಳಗೆ ಇಟ್ಟು ಅದರ ಮೇಲೆ ತಾನೇ ಕೂತ. ಹಡಗು ದ್ವೀಪವನ್ನು ಒಂದು ಸುತ್ತು ಹಾಕಿತು, ಎರಡೂ ಬದಿಯ ಪ್ರಯಾಣಿಕರಿಗೆ ಕಾಣಲಿ ಅಂತ. ಸಂಜೆ ಬಿಡುವಿನಲ್ಲಿ ಹಿಂಬದಿಯ ಡೆಕ್ಕಿಗೆ ಬಂದು ನೋಡಿದರೆ ಏನೂ ಇಲ್ಲ. ಮತ್ತೆ ಬರೀ ನೀರು.

ಅಲ್ಲಿ ಬೆಳಿಗ್ಗೆ ಒಂಬತ್ತು ಅಂದರೆ ನಮ್ಮೂರಲ್ಲಿ ಅದೇ ದಿನ ರಾತ್ರಿ ಹತ್ತೂವರೆ. ಅಮ್ಮ ಮಲಗಿರುತ್ತಾಳೆ ಅಂತ ಫೋನ್ ಮಾಡಲಿಲ್ಲ.

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆದಾಗಲೂ ನಾನು ಸಮುದ್ರದಲ್ಲಿದ್ದೆ. ತಮ್ಮ ಕಳಿಸಿದ ವಿಡಿಯೊ ನೋಡಿ ಕಣ್ಣು ತುಂಬಿತ್ತು. ಈಗ ಬಸ್ಸಿನಲ್ಲಿ ಕೂತು ಹೊಳೆ ದಾಟಿ ಮನೆಗೆ ಬಂದೆ, ಕೆಲವೇ ನಿಮಿಷ. ಸೇತುವೆ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ನನಗಿರುವ ಆಸೆ ಒಂದೇ. ಲಾಂಚಿನ ದಿನಗಳನ್ನು ಯಾರಾದರೂ ಬರೆದಿಡಬೇಕು. ಟಿಕೆಟ್ಟು, ಫೋಟೊ, ನೆನಪು, ಯಾರ ಹತ್ತಿರ ಏನಿದ್ದರೂ ಇಲ್ಲಿ ಹಾಕಿ.

ತೀರ್ಥಳ್ಳಿ ಅತ್ತಿಗೆ

ಓದ್ತಾ ಓದ್ತಾ ಕಾಫಿ ಆರಿಹೋಯ್ತು ತಮ್ಮಾ. ಪಿಟ್‌ಕೇರ್ನ್ ಹೆಸರು ನನಗೆ ಗೊತ್ತಿತ್ತು. ನಮ್ಮ ಹಿತ್ತಲಿನ ದೀವಿಹಲಸಿನ ಮರದ ಕತೆ ಹುಡುಕುವಾಗ ಓದಿದ್ದೆ.

ಆ ಊರು ಹುಟ್ಟಿದ್ದೇ ದೀವಿಹಲಸಿನಿಂದ. ಕರಾವಳಿಯವರು ಜೀಗುಜ್ಜೆ ಅಂತಾರಲ್ಲ, ಅದೇ. ವೆಸ್ಟ್ ಇಂಡೀಸಿನ ಕಬ್ಬಿನ ತೋಟಗಳಲ್ಲಿ ದುಡಿಯುತ್ತಿದ್ದ ಗುಲಾಮರಿಗೆ ಅಗ್ಗದ ಊಟ ಬೇಕಾಗಿತ್ತು. ತಹೀತಿಯಿಂದ ಈ ಸಸಿ ಒಯ್ದು ನೆಡೋಣ ಅಂತ ಬ್ರಿಟಿಷರು ಬೌಂಟಿ ಅನ್ನುವ ಹಡಗು ಕಳಿಸಿದರು. ಕ್ಯಾಪ್ಟನ್ ವಿಲಿಯಂ ಬ್ಲೈ. ಸಾವಿರಕ್ಕೂ ಜಾಸ್ತಿ ಸಸಿ ಕುಂಡದಲ್ಲಿಟ್ಟು ಹೊರಟರು. ಕ್ಯಾಪ್ಟನ್ನಿನ ಕೋಣೆಯನ್ನೇ ಸಸಿಗಳಿಗೆ ಬಿಟ್ಟುಕೊಟ್ಟಿದ್ದರು. ಹೊರಟ ಕೆಲವೇ ವಾರಕ್ಕೆ, 1789ರ ಏಪ್ರಿಲ್ 28ರಂದು, ಫ್ಲೆಚರ್ ಕ್ರಿಶ್ಚಿಯನ್ ಅನ್ನುವವನ ಮುಂದಾಳತ್ವದಲ್ಲಿ ದಂಗೆ ಆಯ್ತು. ಸಸಿಗಳೆಲ್ಲ ಸಮುದ್ರದ ಪಾಲು. ಆ ದಂಗೆಯವರಲ್ಲಿ ಕೆಲವರು ಹೋಗಿ ಸೇರಿದ ಜಾಗವೇ ಪಿಟ್‌ಕೇರ್ನ್.

ನನಗೆ ಸಂಕಟ ಆಗೋದು ಆ ಸಸಿಗಳ ಬಗ್ಗೆ. ದೀವಿಹಲಸನ್ನು ಬೇರಿನ ಕುಡಿಯಿಂದ ಎಬ್ಬಿಸೋದು ಎಷ್ಟು ಕಷ್ಟ ಅಂತ ಸಸಿ ಮಾಡಿದವರಿಗೆ ಗೊತ್ತು. ನಮ್ಮನೆಯಲ್ಲಿ ಹತ್ತು ಬೇರು ತುಂಡು ನೆಟ್ಟರೆ ಮೂರು ಚಿಗುರುತ್ತೆ. ಆಮೇಲೆ ಅದೇ ಬ್ಲೈ ಇನ್ನೊಂದು ಹಡಗಿನಲ್ಲಿ ಹೋಗಿ 1793ರಲ್ಲಿ ಸಸಿಗಳನ್ನು ವೆಸ್ಟ್ ಇಂಡೀಸಿಗೆ ಮುಟ್ಟಿಸಿದರು. ಅಷ್ಟು ಕಷ್ಟಪಟ್ಟು ತಂದದ್ದನ್ನು ಅಲ್ಲಿಯವರು ಮೊದಮೊದಲು ತಿನ್ನಲೇ ಇಲ್ಲವಂತೆ. ಬಲವಂತದ ಊಟ ಯಾರಿಗೆ ರುಚಿಸುತ್ತೆ ಹೇಳಿ.

ಪಿಟ್‌ಕೇರ್ನಿನಲ್ಲಿ ದೀವಿಹಲಸಿನ ಮರ ಕಾಣಿಸ್ತಾ?

ಕರೂರು ಸೀಮೆಯವ

ಹಡಗಿನಿಂದ ಮರ ಗುರುತು ಹಿಡಿಯೋಕೆ ಆಗಲಿಲ್ಲ ಅತ್ತಿಗೆ. ತೆಂಗು ಕಂಡಿತು. ದೀವಿಹಲಸಿನ ಬಗ್ಗೆ ಆ ಅಜ್ಜಿಯನ್ನು ಕೇಳಿದೆ, ದ್ವೀಪದಲ್ಲಿ ಇದೆ ಅಂದರು. ಹುರಿದು ತಿಂತೀವಿ ಅಂದಾಗ ನಾವು ಅಕ್ಕಿಹಿಟ್ಟಿನಲ್ಲಿ ಅದ್ದಿ ಪೋಡಿ ಮಾಡ್ತೀವಿ ಅಂದೆ. ಕೈಸನ್ನೆಯಲ್ಲೇ ಪಾಕ ವಿಧಾನ ಮುಗಿಸಿದೆವು.

ಬ್ಯಾಕೋಡು ಮನೆ

ಲಾಂಚ್ ನೆನಪು ಕೇಳಿದ್ದೀರಿ. ನನ್ನದು ಒಳ್ಳೆಯ ನೆನಪಲ್ಲ. ಆದರೂ ಬರೆಯುತ್ತೇನೆ.

ಹದಿನಾರು ವರ್ಷದ ಹಿಂದೆ, ಮಳೆಗಾಲ. ಸಂಜೆ ಏಳು ಗಂಟೆಗೆ ಅಪ್ಪನಿಗೆ ಎದೆನೋವು ಶುರುವಾಯ್ತು. ಕಡೇ ಲಾಂಚ್ ಹೋಗಿಯಾಗಿತ್ತು. ಜೀಪಿನಲ್ಲಿ ಕಳಸವಳ್ಳಿ ದಡಕ್ಕೆ ಹೋದೆವು, ತುರ್ತು ಅಂದರೆ ಲಾಂಚ್ ಬಿಡ್ತಾರೆ ಅನ್ನುವ ನಂಬಿಕೆ. ಅವತ್ತು ಗಾಳಿ, ಆಚೆ ದಡಕ್ಕೆ ಫೋನ್ ಸಿಗಲಿಲ್ಲ. ಜೀಪಿನ ಹೆಡ್‌ಲೈಟು ಹಾಕಿ ಆರಿಸಿ ಹಾಕಿ ಆರಿಸಿ ಸನ್ನೆ ಮಾಡಿದೆವು. ಆಚೆ ದೀಪ ಕಾಣ್ತಿತ್ತು. ಅಂಬಾರಗೋಡ್ಲಿನ ದೀಪ. ಅಲ್ಲಿಂದ ಸಾಗರಕ್ಕೆ ಒಂದು ಗಂಟೆ ದಾರಿ. ಕಾದು ಕಾದು ಕೊನೆಗೆ ನಿಟ್ಟೂರು, ಹೊಸನಗರ ಸುತ್ತಿ ಹೊರಟೆವು. ಅಪ್ಪ ದಾರಿಯಲ್ಲೇ ಹೋದರು.

ಲಾಂಚಿನ ಸಿಬ್ಬಂದಿಯನ್ನು ನಾನು ಯಾವತ್ತೂ ಬೈದಿಲ್ಲ. ಎಷ್ಟೋ ರಾತ್ರಿ ಎಷ್ಟೋ ಬಾಣಂತಿಯರನ್ನು ಅವರೇ ದಾಟಿಸಿದ್ದಾರೆ.

ಸೇತುವೆ ಆದ ಮೇಲೆ ಒಂದು ಸಂಜೆ ಏಳು ಗಂಟೆಗೆ ಸುಮ್ನೆ ಅದರ ಮೇಲೆ ಹೋಗಿ ನಿಂತೆ. ಕೆಳಗೆ ನೀರು ಕಪ್ಪಗಿತ್ತು. ಆಚೆಯ ದೀಪಗಳು ಅವೇ. ನಡೆದುಕೊಂಡು ಹೋದೆ, ವಾಪಸ್ ಬಂದೆ.

ಕರೂರು ಸೀಮೆಯವ

ಅಕ್ಕಾ, ಏನು ಬರೆಯಲಿ ಅಂತ ತಿಳೀತಿಲ್ಲ. ದಿನಾ ಬರುವ ಲಾಂಚ್ ಭಾಗ್ಯ ಅಂತ ಬರೆದೆನಲ್ಲ, ಆ ಮಾತನ್ನು ನಿಮ್ಮ ಮುಂದೆ ಹೇಳುವ ಧೈರ್ಯ ನನಗಿಲ್ಲ.

ಉಳಿ ಹಿಡಿದವ, ಸಾಗರ

ಆ ಮರದ ಮೀನು ಯಾವ ಮರದ್ದು ಸರ್? ನಮ್ಮದು ಗಂಧದ ಕೆತ್ತನೆಯ ಮನೆತನ, ಗುಡಿಗಾರರು. ಫೋಟೊ ಇದ್ದರೆ ಹಾಕಿ. ಕೆತ್ತನೆಯ ಗುರುತು ನೋಡಿದರೆ ಉಳಿ ಎಷ್ಟು ಅಗಲದ್ದು ಅಂತ ಹೇಳಬಲ್ಲೆ.

ಕರೂರು ಸೀಮೆಯವ

ಮಿರೋ ಅಂತಾರೆ. ಊರಿಗೆ ಬಂದ ಮೇಲೆ ಹುಡುಕಿ ನೋಡಿದೆ. ನಮ್ಮ ಹೂವರಸಿ ಮರವೇ ಅದು! ಹೊನ್ನಾವರ, ಕುಂದಾಪುರದ ಕಡಲ ಬದಿಯಲ್ಲಿ ಹಳದಿ ಹೂ ಬಿಡುತ್ತಲ್ಲ, ಬಾಡುವಾಗ ಕೆಂಪಾಗುವ ಹೂ. ಒಳತಿರುಳು ಕಡುಕೆಂಪು ಕಂದು. ನಾನು ತಂದ ಮೀನು ಅಂಗೈಯಷ್ಟು ಉದ್ದ. ಬೆನ್ನಿನ ಮೇಲೆ ನಾರಿನ ಗೆರೆ ಬಾಲದವರೆಗೆ ಒಂದೇ ಹರಿವಿನಲ್ಲಿ ಬಂದಿದೆ. ಕಣ್ಣಿನ ಜಾಗದಲ್ಲಿ ಸಣ್ಣ ಗುಳಿ, ಅಷ್ಟೇ. ಮೂಗಿಗೆ ಹಿಡಿದರೆ ಈಗಲೂ ಒಂದು ಸಿಹಿ ವಾಸನೆ.

ಪಿಟ್‌ಕೇರ್ನಿನಲ್ಲಿ ಈ ಮರ ಸಾಲದು. ಅದಕ್ಕೆ ಹೆಂಡರ್‌ಸನ್ ಅನ್ನುವ ಇನ್ನೊಂದು ದ್ವೀಪಕ್ಕೆ ಹೋಗಿ ತರ್ತಾರೆ. ಸುಮಾರು 190 ಕಿಲೋಮೀಟರ್. ಅಲ್ಲಿ ಯಾರೂ ವಾಸ ಇಲ್ಲ. ಒಂದು ಮೀನಿಗೆ ಅಷ್ಟು ದೂರದ ಸಮುದ್ರ ದಾಟಿರ್ತಾರೆ.

ಉಳಿ ಹಿಡಿದವ, ಸಾಗರ

ಹೂವರಸಿ ಒಳ್ಳೆ ಮರ. ಗಟ್ಟಿ ಇದ್ದರೂ ಉಳಿಗೆ ಸಿಟ್ಟು ತೋರಿಸಲ್ಲ. ನಮ್ಮಜ್ಜ ಗಂಧದ ತುಂಡು ಸಿಗದ ವರ್ಷಗಳಲ್ಲಿ ಬೇರೆ ಮರಗಳ ಮೇಲೆ ಕೈ ಮಾಡ್ತಿದ್ದರು. ನಾರಿನ ಗೆರೆ ಬಾಲದವರೆಗೆ ಒಂದೇ ಹರಿವು ಅಂದಿರಲ್ಲ, ಕೆತ್ತುವ ಮೊದಲು ಮರವನ್ನು ತುಂಬ ಹೊತ್ತು ತಿರುಗಿಸಿ ತಿರುಗಿಸಿ ನೋಡಿದ ಕೈ ಅದು. ಒಮ್ಮೆ ಸಾಗರಕ್ಕೆ ಬಂದಾಗ ತನ್ನಿ. ಮುಟ್ಟಿ ನೋಡಬೇಕು.

ಓದುವ ಹುಡುಗಿ

ಬರಹ ತುಂಬಾ ಹಿಡಿಸಿತು ಅಣ್ಣಾ. ಆದರೆ ಒಂದು ಮಾತು ಸೇರಿಸಲೇಬೇಕು. ಆ ದ್ವೀಪದ ಕತೆಯನ್ನು ಜನ ಸಾಹಸ ಕತೆ ಥರ ಹೇಳ್ತಾರೆ. ಹಾಗಲ್ಲ ಅದು.

ದಂಗೆ ಎದ್ದವರಲ್ಲಿ ಒಂಬತ್ತು ಮಂದಿ 1790ರ ಜನವರಿಯಲ್ಲಿ ಅಲ್ಲಿಗೆ ಬಂದು ಅಡಗಿದರು. ನೌಕಾಪಡೆಗೆ ಸಿಕ್ಕಿದರೆ ಗಲ್ಲು. ಬೌಂಟಿಯನ್ನು ಅಲ್ಲೇ ಸುಟ್ಟುಹಾಕಿದರು. ಅವರ ಜೊತೆ ತಹೀತಿ ಕಡೆಯ ಆರು ಗಂಡಸರು, ಒಂದಷ್ಟು ಹೆಂಗಸರು, ಒಂದು ಕೂಸು ಇತ್ತು. ಆ ಹೆಂಗಸರಲ್ಲಿ ಎಷ್ಟೋ ಮಂದಿ ಮನಸ್ಸಿದ್ದು ಬಂದವರಲ್ಲ. ಭೂಮಿಯನ್ನು ಒಂಬತ್ತು ಪಾಲು ಮಾಡಿದರು. ಆ ಆರು ಗಂಡಸರಿಗೆ ಪಾಲಿಲ್ಲ, ಬರೀ ದುಡಿತ. ಆಮೇಲೆ ಕೊಲೆಗಳ ಸಾಲು. 1808ರಲ್ಲಿ ಟೋಪಾಜ್ ಅನ್ನುವ ಅಮೆರಿಕದ ಹಡಗು ಅಲ್ಲಿಗೆ ಹೋದಾಗ, ದಂಗೆಯವರಲ್ಲಿ ಬದುಕಿದ್ದದ್ದು ಜಾನ್ ಆಡಮ್ಸ್ ಒಬ್ಬನೇ. ಊರಿಗೆ ಅವನ ಹೆಸರು. ಮಕ್ಕಳನ್ನು ಸಾಕಿ, ಗದ್ದೆ ತೋಟ ಮಾಡಿ, ಮರದ ತೊಗಟೆ ಬಡಿದು ಬಟ್ಟೆ ಮಾಡಿ ಆ ಊರನ್ನು ಉಳಿಸಿದ್ದು ಆ ಹೆಂಗಸರು. ಅವರ ಹೆಸರಿನ ಊರಿಲ್ಲ.

ಇನ್ನೂ ಇದೆ. 2004ರಲ್ಲಿ ಆ ದ್ವೀಪದಲ್ಲಿ ದೊಡ್ಡ ಮೊಕದ್ದಮೆ ನಡೆಯಿತು. ಹೆಣ್ಣುಮಕ್ಕಳ ಮೇಲೆ ವರ್ಷಗಟ್ಟಲೆ ನಡೆದ ಲೈಂಗಿಕ ದೌರ್ಜನ್ಯದ ಕೇಸು. ಏಳು ಗಂಡಸರಲ್ಲಿ ಆರು ಮಂದಿಯ ಅಪರಾಧ ಸಾಬೀತಾಯ್ತು. ಹೊರಗೆ ಹೋಗುವ ದಾರಿ ಇಲ್ಲದ ಊರಿನಲ್ಲಿ ಆ ಮಕ್ಕಳು ಯಾರ ಹತ್ತಿರ ಹೇಳಬೇಕಿತ್ತು? ದೋಣಿ ಇಲ್ಲ ಅಂದರೆ ಸಾಮಾನು ಬರಲ್ಲ ಅನ್ನೋದೊಂದೇ ಅಲ್ಲ. ಓಡಿಹೋಗೋಕೂ ಆಗಲ್ಲ.

ಇದೇ ದ್ವೀಪ 1838ರಲ್ಲೇ ಹೆಂಗಸರಿಗೆ ವೋಟಿನ ಹಕ್ಕು ಕೊಟ್ಟಿತ್ತು, ಜಗತ್ತಿನಲ್ಲೇ ತೀರಾ ಮೊದಲ ಜಾಗಗಳಲ್ಲಿ ಒಂದು. ಎರಡನ್ನೂ ಒಟ್ಟಿಗೆ ಹೇಳಬೇಕು ಅನ್ನಿಸಿತು.

ಕರೂರು ಸೀಮೆಯವ

ನೀನು ಹೇಳಿದ್ದು ಸರಿ ತಂಗಿ. ಇದು ನನಗೆ ಅರ್ಧ ಗೊತ್ತಿತ್ತು. ಹಡಗಿನ ಉಪನ್ಯಾಸದಲ್ಲಿ ಪ್ರಯಾಣಿಕರಿಗೆ ದಂಗೆಯ ಕತೆ ಹೇಳಿದರು, ಮೊಕದ್ದಮೆಯ ಮಾತು ಬರಲಿಲ್ಲ. ಆ ಅಜ್ಜಿಯ ಕೈ ಒರಟಾಗಿತ್ತು ಅಂತ ಬರೆದೆ. ಆ ಕೈ ಏನೇನು ಕಂಡಿದೆಯೋ ನನಗೆ ತಿಳಿಯದು. ಇಪ್ಪತ್ತು ನಿಮಿಷದಲ್ಲಿ ಕಂಡದ್ದು ಅಷ್ಟೇ.

ಹೆಡ್ ಪೋಸ್ಟಾಫೀಸು, ನಿವೃತ್ತ

ಅಂಚೆ ಚೀಟಿ ವಿಷಯ ಬಂತಲ್ಲ, ಅದಕ್ಕೆ ಬಂದೆ. ಪಿಟ್‌ಕೇರ್ನ್ ತನ್ನದೇ ಚೀಟಿ ತಂದದ್ದು 1940ರಲ್ಲಿ. ಅದಕ್ಕೂ ಮೊದಲು ನ್ಯೂಜಿಲೆಂಡಿನ ಚೀಟಿ ಬಳಸ್ತಿದ್ದರು. ಆಮೇಲೆ ಬಹಳ ವರ್ಷ ದ್ವೀಪದ ಸಂಪಾದನೆಯಲ್ಲಿ ದೊಡ್ಡ ಪಾಲು ಅದೇ. ಜಗತ್ತಿನ ಮೂಲೆಮೂಲೆಯ ಸಂಗ್ರಹಕಾರರು ಕೊಳ್ಳುತ್ತಿದ್ದರು. ನನ್ನ ಹತ್ತಿರ ಮೂರಿವೆ. ಒಂದರಲ್ಲಿ ಉದ್ದ ದೋಣಿಯ ಚಿತ್ರ. ಈಗ ಜನ ಕಾಗದ ಬರೆಯೋದು ಬಿಟ್ಟರು, ಆ ಸಂಪಾದನೆಯೂ ಇಳಿಯಿತು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಾಗರದಿಂದ ಹೊಳೆಯಾಚೆ ಹೋಗುವ ಟಪಾಲಿನ ಚೀಲಕ್ಕೆ ಎರಡು ಗಂಟು ಹಾಕ್ತಿದ್ದರು. ಒಂದು ಗಂಟು ನಿಯಮಕ್ಕೆ, ಇನ್ನೊಂದು ಹೊಳೆಗೆ ಅಂತ ಹಿರಿಯರು ಹೇಳ್ತಿದ್ದರು. ಮಳೆಗಾಲದಲ್ಲಿ ಚೀಲವನ್ನು ಗೊಬ್ಬರದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಳಿಸುತ್ತಿದ್ದೆವು. ಒಂದು ಕಾಗದವೂ ನೆನೆದು ವಾಪಸ್ ಬಂದದ್ದು ನನಗೆ ನೆನಪಿಲ್ಲ.

ಇನ್ನೊಂದು ಮಾತು. ದಂಗೆಯವರು ಕ್ಯಾಪ್ಟನ್ ಬ್ಲೈಯನ್ನು ಹದಿನೆಂಟು ಜನರ ಜೊತೆ 23 ಅಡಿಯ ತೆರೆದ ದೋಣಿಗೆ ಇಳಿಸಿಬಿಟ್ಟರು. ಅವರು ಆರು ವಾರಕ್ಕೂ ಜಾಸ್ತಿ ಸಮುದ್ರದಲ್ಲಿ ತೇಲಿ, ಆರು ಸಾವಿರ ಕಿಲೋಮೀಟರಿಗೂ ಹೆಚ್ಚು ದಾಟಿ ತಿಮೋರ್ ಮುಟ್ಟಿದರು. ಹಡಗಿನ ಜೊತೆ ಇರುವ ಅಂಥ ದೋಣಿಗೂ ಹೆಸರು ಲಾಂಚ್ ಅಂತಲೇ!

ಕೆಲಸ ಹುಡುಕ್ತಿರುವವ

ಅಣ್ಣಾ ನಾನು ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿದ್ದೇನೆ, ಶಿಕಾರಿಪುರ. ಹಡಗಿಗೆ ಸೇರೋದು ಹೇಗೆ? ಒಬ್ಬ ಏಜೆಂಟು ಎರಡೂವರೆ ಲಕ್ಷ ಕೇಳ್ತಿದ್ದಾನೆ.

ಕರೂರು ಸೀಮೆಯವ

ಕೊಡಬೇಡ. ಒಂದು ರೂಪಾಯಿಯೂ ಬೇಡ. ನಾವಿಕರನ್ನು ಕಳಿಸುವ ಏಜೆನ್ಸಿಗೆ ಡಿಜಿ ಶಿಪ್ಪಿಂಗ್, ಅಂದರೆ ಕೇಂದ್ರ ಸರ್ಕಾರದ ಹಡಗು ಇಲಾಖೆ, ಕೊಡುವ ಆರ್‌ಪಿಎಸ್‌ಎಲ್ ಲೈಸೆನ್ಸ್ ಇರಬೇಕು. ಲೈಸೆನ್ಸ್ ಇದ್ದವರು ಕೆಲಸ ಕೊಡಿಸೋಕೆ ಅಂತ ನಿನ್ನ ಹತ್ತಿರ ದುಡ್ಡು ಕೇಳುವ ಹಾಗಿಲ್ಲ. ಕೇಳಿದರೆ ಅಲ್ಲಿಂದ ಎದ್ದು ಬಾ. ನಿನ್ನ ಖರ್ಚು ಅಂದರೆ ಸುರಕ್ಷತಾ ತರಬೇತಿ, ಅದನ್ನು ಎಸ್‌ಟಿಸಿಡಬ್ಲ್ಯು ಅಂತಾರೆ. ಬೆಂಕಿ ಆರಿಸೋದು, ನೀರಿಗೆ ಬಿದ್ದರೆ ಬದುಕಿಕೊಳ್ಳೋದು, ಪ್ರಥಮ ಚಿಕಿತ್ಸೆ. ಆಮೇಲೆ ಸಿಡಿಸಿ ಅನ್ನುವ ನಾವಿಕರ ಗುರುತಿನ ಪುಸ್ತಕ, ವೈದ್ಯಕೀಯ ಪರೀಕ್ಷೆ, ಪಾಸ್‌ಪೋರ್ಟು, ವೀಸಾ. ಈಜು ಕಲಿ. ನಮ್ಮ ಕಡೆಯವರು ಹೊಳೆಯಲ್ಲಿ ಈಜಿ ಬೆಳೆದವರು, ಸಮುದ್ರ ಬೇರೆಯೇ.

ಎಂಟು ಒಂಬತ್ತು ತಿಂಗಳು ಭಾನುವಾರ ಅನ್ನೋದು ಇರಲ್ಲ. ದಿನಕ್ಕೆ ಹತ್ತು ಹನ್ನೊಂದು ಗಂಟೆ ಕೆಲಸ. ನನ್ನ ಕ್ಯಾಬಿನ್ ನೀರಿನ ಮಟ್ಟಕ್ಕಿಂತ ಕೆಳಗಿತ್ತು, ಮಲಗಿದರೆ ಗೋಡೆಯಾಚೆ ನೀರು ಉಜ್ಜುವ ಸದ್ದು. ಅಜ್ಜಿ ತೀರಿಕೊಂಡಾಗ ಬರೋಕೆ ಆಗಲಿಲ್ಲ. ಇದೆಲ್ಲ ಯೋಚಿಸಿ ಮನೆಯವರ ಜೊತೆ ಮಾತಾಡು. ಬೇರೆ ಏನಾದರೂ ಕೇಳೋದಿದ್ದರೆ ಹಿಂಜರಿಕೆ ಬೇಡ.

ಮಡೆನೂರು ಮುಳುಗಿದ ಮೇಲೆ

ಎಲ್ಲ ಓದಿದೆ. ವಯಸ್ಸು ಎಂಬತ್ತು ದಾಟಿದೆ, ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ.

ತಮ್ಮಾ, ನಿನ್ನ ಬರಹದಲ್ಲಿ ಪ್ರೀತಿ ಇದೆ. ಆದರೆ ಎರಡೂ ಒಂದೇ ಥರದ ದ್ವೀಪ ಅಲ್ಲ. ಅವರು ಅಡಗೋಕೆ ಅಂತ ದ್ವೀಪ ಹುಡುಕಿಕೊಂಡು ಹೋದವರು. ನಾವು ಎಲ್ಲಿಗೂ ಹೋದವರಲ್ಲ. ನೀರು ನಮ್ಮ ಹತ್ತಿರ ಬಂತು. ಮೊದಲು ಹಿರೇಭಾಸ್ಕರ ಅಣೆಕಟ್ಟು, 1948. ಆಗ ಸ್ವಲ್ಪ ಊರು ಹೋಯ್ತು. ಆಮೇಲೆ ಲಿಂಗನಮಕ್ಕಿ, 1964. ಹಿರೇಭಾಸ್ಕರ ಅಣೆಕಟ್ಟೂ ಅದರೊಳಗೇ ಮುಳುಗಿತು. ಬೇಸಿಗೆಯಲ್ಲಿ ನೀರಿಳಿದರೆ ಅದರ ಗೋಡೆ ಎದ್ದು ಕಾಣುತ್ತೆ, ಜನ ನೋಡೋಕೆ ಬರ್ತಾರೆ. ನಾನು ಹೋಗಲ್ಲ.

ನೀರು ಒಂದೇ ದಿನ ಬರಲಿಲ್ಲ. ಮೊದಲು ಗದ್ದೆಯ ಬದುವಿಗೆ, ನಾಲ್ಕು ದಿನಕ್ಕೆ ತೋಟದ ಅಗಳಿಗೆ. ನಮ್ಮವ್ವ ದಿನಾ ಸಂಜೆ ಹೋಗಿ ನೀರಿನ ಅಂಚಿಗೆ ಒಂದು ಕಡ್ಡಿ ನೆಟ್ಟು ಬರ್ತಿದ್ದಳು. ಬೆಳಿಗ್ಗೆ ಕಡ್ಡಿ ಕಾಣ್ತಿರಲಿಲ್ಲ. ಅಡಿಕೆ ಮರಗಳಲ್ಲಿ ಗೊನೆ ಇತ್ತು. ಲಾರಿ ಬಂತು. ಒನಕೆ, ಬೀಸುಕಲ್ಲು, ದನದ ಹಗ್ಗ ಹಾಕಿದೆವು. ದನಗಳನ್ನು ನಡೆಸಿಕೊಂಡು ಹೋದರು. ನಮ್ಮ ಕೆಲವು ನೆಂಟರು ಶಿವಮೊಗ್ಗದ ಕಡೆ ಕಾಡಿಗೆ ಹೋದರು, ಇವತ್ತಿಗೂ ಆ ಜಾಗದ ಹಕ್ಕುಪತ್ರಕ್ಕೆ ಅಲೀತಿದ್ದಾರೆ. ನಾವು ಗುಡ್ಡದ ಮೇಲಕ್ಕೆ ಸರಿದೆವು. ಅಲ್ಲಿಂದ ನಾವು ದ್ವೀಪದವರಾದೆವು.

ಆ ನೀರಿನಿಂದ ರಾಜ್ಯಕ್ಕೆಲ್ಲ ಕರೆಂಟು ಸಿಕ್ಕಿತು. ನಮ್ಮ ಮನೆಗೆ ದೀಪ ಬಂದದ್ದು ಎಷ್ಟೋ ವರ್ಷದ ಮೇಲೆ. ಪ್ರತಿ ಮಳೆಗಾಲ ಪೇಪರಿನಲ್ಲಿ ಬರುತ್ತೆ, ಲಿಂಗನಮಕ್ಕಿ 1819 ಅಡಿ ತುಂಬಿತಾ ಇಲ್ಲವಾ ಅಂತ. ನನಗೆ ಆ ಲೆಕ್ಕ ಓದಿದಾಗೆಲ್ಲ ಅವ್ವನ ಕಡ್ಡಿ ಕಾಣುತ್ತೆ.

ಲಾಂಚನ್ನು ನೆನೆಸಿಕೊಳ್ಳಿ, ಬೇಡ ಅನ್ನಲ್ಲ. ಲಾಂಚ್ ಯಾಕೆ ಬೇಕಾಯ್ತು ಅನ್ನೋದನ್ನೂ ಬರೆದಿಡಿ.

ಕರೂರು ಸೀಮೆಯವ

ಅಜ್ಜಾ, ನಮಸ್ಕಾರ. ನಾನು ಹುಟ್ಟುವಾಗ ನೀರು ಇತ್ತು. ಹಾಗಾಗಿ ಅದು ಮೊದಲಿನಿಂದಲೂ ಇತ್ತು ಅನ್ನುವ ಹಾಗೇ ಬರೆದುಬಿಟ್ಟೆ. ನಿಮ್ಮ ಮಾತು ಓದಿ ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವಳ ಅಪ್ಪನ ಮನೆಯೂ ಮುಳುಗಿದ್ದೇ. "ಕಡ್ಡಿ ನೆಡೋದು ನಮ್ಮಮ್ಮನೂ ಮಾಡ್ತಿದ್ದಳಂತೆ" ಅಂದಳು. ಇದನ್ನು ನನಗೆ ಮೂವತ್ತೈದು ವರ್ಷದಲ್ಲಿ ಯಾವತ್ತೂ ಹೇಳಿರಲಿಲ್ಲ.

ನೀವು ಒಪ್ಪಿದರೆ ಬರುವ ವಾರ ಮನೆಗೆ ಬರುತ್ತೇನೆ. ಮೊಬೈಲಿನಲ್ಲಿ ದನಿ ಹಿಡಿದಿಟ್ಟುಕೊಳ್ತೇನೆ.

ಮೊದಲು ಹಾಕಿದ ಪ್ರಶ್ನೆಗೆ ಅಮ್ಮನಿಗೆ ನಾನು ಕೊಟ್ಟ ಉತ್ತರ ಇಲ್ಲಿ ಬರೆಯೋದು ಮರೆತಿದ್ದೆ. ಅಲ್ಲಿ ಕಡೇ ಲಾಂಚ್ ಅಂತ ಇಲ್ಲ ಅಮ್ಮಾ, ಮುಂದಿನ ಹಡಗು ಯಾವಾಗ ಅಂತ ಮಾತ್ರ ಇರೋದು ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಆ ಮುದುಕಿ ಮನೆಗೆ ಅಕ್ಕಿ ಎಷ್ಟು ತಿಂಗಳಿಗೆ ತಂದಿಟ್ಕೊಳ್ತಾಳೆ?" ಅಂತ ಕೇಳಿದಳು. ಮಳೆಗಾಲಕ್ಕೆ ಮೊದಲು ನಮ್ಮ ಅಟ್ಟದ ಮೇಲೆ ಅವಳೇ ಜೋಡಿಸ್ತಿದ್ದ ಅಕ್ಕಿ ಮೂಟೆ, ಉಪ್ಪಿನ ಮರಿಗೆ, ಒಣಮೀನಿನ ಡಬ್ಬಿ ಎಲ್ಲ ನೆನಪಾಯ್ತು.

ಮಡೆನೂರು ಮುಳುಗಿದ ಮೇಲೆ

ಬಾ. ಮಧ್ಯಾಹ್ನದ ಊಟಕ್ಕೇ ಬಾ. ಆ ಮರದ ಮೀನೂ ತಗೊಂಡು ಬಾ, ನೋಡ್ತೇನೆ.

ಕಳಸವಳ್ಳಿ ದಡ

ನನ್ನ ಹತ್ತಿರ ಲಾಂಚಿನ ಟಿಕೆಟ್ ಒಂದು ಕಟ್ಟು ಇದೆ. ಅಪ್ಪ ಅಂಗಿ ಜೇಬಿನಿಂದ ತೆಗೆದು ತೆಗೆದು ಟ್ರಂಕಿನಲ್ಲಿ ಹಾಕ್ತಿದ್ದರು. ಕೆಲವು ಒದ್ದೆಯಾಗಿ ಅಂಟಿಕೊಂಡಿವೆ. ನಾಳೆ ಬಿಸಿಲಿಗೆ ಹಾಕಿ ಬಿಡಿಸಿ ಫೋಟೊ ಹಾಕ್ತೇನೆ.